ನೋವಿಗೆ ಮುಂಚಿನ ನೋಟ

ನೋವೆಂಬುದು ದೇಹಕ್ಕೆ ಪ್ರಕೃತಿಯು ಇಟ್ಟಿರುವ ಕಾವಲುಗಾರನೆಂದು ಹಿರಿಯರು ಹೇಳುವುದುಂಟು. ಮುಳ್ಳು ಚುಚ್ಚಿದ ಕಾಲು ತಾನಾಗಿ ಹಿಂದಕ್ಕೆ ಸರಿಯುವುದು. ಬೆಂಕಿ ಸೋಕಿದ ಬೆರಳು ಬುದ್ಧಿಯ ಅಪ್ಪಣೆಗೆ ಕಾಯದೆ ದೂರವಾಗುವುದು. ಈ ಕಾವಲುಗಾರನು ಕೂಗಿಕೊಳ್ಳುವವರೆಗೆ ಮನೆಯು ಕ್ಷೇಮವಾಗಿದೆಯೆಂದು ನಾವೆಲ್ಲರೂ ನಂಬಿರುವೆವು. ನಮ್ಮ ನೀತಿವಿಚಾರವೂ ಬಹುಮಟ್ಟಿಗೆ ಈ ನಂಬಿಕೆಯ ಮೇಲೆಯೇ ನಿಂತಿದೆ. ಮತ್ತೊಂದು ಪ್ರಾಣಿಗೆ ನೋವುಂಟುಮಾಡಕೂಡದೆಂಬುದು ನಾವು ಕಲಿತ ಮೊದಲನೆಯ ಧರ್ಮ. ಅದಕ್ಕೆ ನೋವಾಗಲಿಲ್ಲವಾದರೆ ನಮ್ಮಿಂದ ಅನ್ಯಾಯವೂ ಆಗಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುವುದು ನಮ್ಮ ವಾಡಿಕೆ. ಆದರೆ ಕಾವಲುಗಾರನೇ ಇಲ್ಲದ ಕೋಣೆಯೊಂದು ದೇಹದಲ್ಲಿದ್ದು, ಅಲ್ಲಿ ಮೆಲ್ಲಮೆಲ್ಲನೆ ಕಳವು ನಡೆಯುತ್ತಿದ್ದರೆ ಏನು ಹೇಳಬೇಕು? ನೋಯದ ಹಾನಿಯನ್ನು ಹಾನಿಯೆನ್ನಬಹುದೆ? ಅದನ್ನು ಹೊತ್ತಿರುವ ಪ್ರಾಣಿಗೇ ಅದು ತಿಳಿಯದಿರುವಾಗ, ಹೊರಗಿನಿಂದ ಕಂಡವನಿಗೆ ಯಾವ ಕರ್ತವ್ಯ ಉಂಟಾಗುವುದು? ಕುದುರೆಯ ಕೀಲುಗಳನ್ನು ಕುರಿತು ಈಚಿನ ವರ್ಷಗಳಲ್ಲಿ ನಡೆದಿರುವ ಸಂಶೋಧನೆಯು ಈ ಪ್ರಶ್ನೆಗಳನ್ನು ತಪ್ಪಿಸಿಕೊಳ್ಳಲಾಗದ ರೂಪದಲ್ಲಿ ನಮ್ಮ ಮುಂದೆ ತಂದು ನಿಲ್ಲಿಸಿದೆ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಎರಡು ಎಲುಬುಗಳು ಕೂಡುವ ಸಂಧಿಯಲ್ಲಿ ಅವುಗಳ ತುದಿಗಳನ್ನು ಮೃದ್ವಸ್ಥಿಯ ತೆಳುವಾದ ಪದರವೊಂದು ಹೊದೆದುಕೊಂಡಿರುವುದು. ಅದರ ತೂಕದಲ್ಲಿ ನೂರಕ್ಕೆ 70ರಿಂದ 80 ಭಾಗ ನೀರು. ಉಳಿದುದರಲ್ಲಿ ಹೆಚ್ಚಿನದು ಕೊಲ್ಯಾಜನ್ ಎಂಬ ನಾರಿನ ಬಲೆ ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುವ ಪ್ರೋಟಿಯೋಗ್ಲೈಕಾನ್ ಎಂಬ ಪದಾರ್ಥ. ಭಾರ ಬಿದ್ದಾಗ ಇದು ತಗ್ಗಿ, ಭಾರ ತೆಗೆದಾಗ ಉಬ್ಬಿ, ಎಲುಬಿಗೆ ಎಲುಬು ಉಜ್ಜದಂತೆ ಕಾಪಾಡುವುದು. ಕುದುರೆಯು ಒಂದೊಂದು ಕಾಲಿನಲ್ಲಿಯೂ ಒಂದೇ ಬೆರಳಿನ ತುದಿಯ ಮೇಲೆ ನಿಲ್ಲುವ ಪ್ರಾಣಿ. ಸುಮಾರು 500 ಕಿಲೋಗ್ರಾಂ ತೂಗುವ ಆ ದೇಹವು ನಾಗಾಲೋಟದಲ್ಲಿರುವಾಗ ನೆಲಕ್ಕೂರಿದ ಒಂದು ಮುಂಗಾಲಿನ ಮೇಲೆ ದೇಹದ ತೂಕದ ಎರಡೂವರೆ ಪಟ್ಟಿನಷ್ಟು ಬಲ ಬೀಳುವುದು. ಗೊರಸಿನ ಮೇಲಣ ಕೀಲಿನಲ್ಲಿ ಅದನ್ನು ತಡೆದುಕೊಳ್ಳುವ ಹೊದಿಕೆಯ ದಪ್ಪವಾದರೋ ಹೆಚ್ಚುಕಡಮೆ ಒಂದು ಮಿಲ್ಲಿಮೀಟರು ಮಾತ್ರ.

ಈ ಹೊದಿಕೆಯಲ್ಲಿ ರಕ್ತನಾಳಗಳಿಲ್ಲ. ಆದುದರಿಂದ ಗಾಯವಾದರೆ ಮಾಯುವ ಶಕ್ತಿಯು ಅದಕ್ಕೆ ಬಹು ಅಲ್ಪ. ಅದರಲ್ಲಿ ನರಗಳೂ ಇಲ್ಲ. ಆದುದರಿಂದ ಗಾಯವಾದ ಸಂಗತಿಯು ಕುದುರೆಗೆ ತಿಳಿಯುವುದೇ ಇಲ್ಲ. ಸವೆತವು ಬಹುದೂರ ನಡೆದು, ಸಂಧಿಯ ಸುತ್ತಣ ಪೊರೆಯು ಊದಿಕೊಂಡು, ಕೆಳಗಣ ಎಲುಬಿಗೂ ಪೆಟ್ಟು ತಗಲಿದ ಮೇಲೆ ನೋವು ಕಾಣಿಸಿಕೊಳ್ಳುವುದು. ಆಗಲೂ ಕುದುರೆಯು ಅದನ್ನು ಸುಲಭವಾಗಿ ಹೊರಗೆಡಹುವುದಿಲ್ಲ. ಹುಲಿ ತೋಳಗಳ ಬಾಯಿಗೆ ತುತ್ತಾಗುತ್ತ ಬಂದ ಕುಲದಲ್ಲಿ ಹುಟ್ಟಿದ ಪ್ರಾಣಿಯು ಕುಂಟುತನವನ್ನು ಬಚ್ಚಿಟ್ಟುಕೊಳ್ಳುವುದು ಸ್ವಾಭಾವಿಕವೇ ಸರಿ. ಅದರ ಮುಖದ ಆರು ಲಕ್ಷಣಗಳಿಂದ ನೋವನ್ನು ಅಳೆಯುವ ಕ್ರಮವನ್ನು ವಿದ್ವಾಂಸರು ಪ್ರಕಟಿಸಿದುದು 2014ರಲ್ಲಿ. ಸವಾರನನ್ನು ಹೊತ್ತಾಗಿನ 24 ನಡವಳಿಕೆಗಳಿಂದ ನೋವನ್ನು ಗುರುತಿಸುವ ಪಟ್ಟಿ ಬಂದುದು 2018ರಲ್ಲಿ. ಸಾವಿರಾರು ವರ್ಷ ನಮ್ಮನ್ನು ಹೊತ್ತ ಪ್ರಾಣಿಯ ಮುಖವನ್ನು ಓದಲು ನಾವು ಇಷ್ಟು ತಡಮಾಡಿದೆವೆಂಬುದೇ ವಿಚಾರಾರ್ಹವಾದ ಸಂಗತಿ. ಕೊನೆಗೆ ಒಡೆಯನು ಕುಂಟನ್ನು ಕಂಡು ಕ್ಷ-ಕಿರಣದ ಚಿತ್ರವನ್ನು ತೆಗೆಯಿಸುವನು. ಅದಾದರೋ ಎಲುಬನ್ನು ತೋರಿಸುವುದೇ ಹೊರತು ಮೃದ್ವಸ್ಥಿಯನ್ನು ತೋರಿಸದು. ಎಲುಬಿನ ಅಂಚು ಬೆಳೆದು, ಸಂಧಿಯ ಎಡೆ ಕಿರಿದಾದುದು ಅದರಲ್ಲಿ ಕಾಣುವ ಹೊತ್ತಿಗೆ ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆಯೇ ಆಗುವುದು.

ಕುದುರೆಯ ವಿಷಯದಲ್ಲಿ ಮನುಷ್ಯನ ಬರಿಗಣ್ಣು ಸೋತದ್ದು ಇದೇ ಮೊದಲಲ್ಲ. ಓಡುವ ಕುದುರೆಯು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುವಂತೆ ಐರೋಪ್ಯ ಚಿತ್ರಕಾರರು ಬಹುಕಾಲ ಬರೆಯುತ್ತಿದ್ದರು. 1878ನೆಯ ಇಸವಿಯ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬಾತನು, ಲೀಲೆಂಡ್ ಸ್ಟ್ಯಾನ್‌ಫರ್ಡನ ಆಶ್ರಯದಲ್ಲಿ, ಕ್ಯಾಮರಾಗಳನ್ನು ಸಾಲಾಗಿ ನಿಲ್ಲಿಸಿ ಓಡುವ ಕುದುರೆಯ ಚಿತ್ರಗಳನ್ನು ತೆಗೆದನು. ನಾಲ್ಕು ಕಾಲುಗಳೂ ನೆಲಬಿಡುವುದು ಅವು ಚಾಚಿಕೊಂಡಾಗಲ್ಲ, ಹೊಟ್ಟೆಯ ಕೆಳಗೆ ಕೂಡಿಕೊಂಡಾಗ ಎಂಬುದು ಅವುಗಳಿಂದ ಸಿದ್ಧವಾಯಿತು. ಕಣ್ಣು ಕಂಡೆನೆಂದದ್ದನ್ನು ಬೆಳಕು ಸುಳ್ಳೆಂದಿತು. 1895ರಲ್ಲಿ ರಂಟ್‌ಗೆನ್ನನು ಕ್ಷ-ಕಿರಣವನ್ನು ಕಂಡುಹಿಡಿದನು. 1918ರಲ್ಲಿ ಟೋಕಿಯೋ ನಗರದ ಟಕಾಗಿ ಎಂಬ ವೈದ್ಯನು ಮೂತ್ರಕೋಶವನ್ನು ನೋಡುವ ದರ್ಶಕನಳಿಗೆಯನ್ನು ಶವವೊಂದರ ಮೊಣಕಾಲಿನೊಳಕ್ಕೆ ತೂರಿಸಿ ಸಂಧಿಯ ಒಳಗನ್ನು ನೋಡಿದನು. ಆ ಮಾರ್ಗವೇ ಬೆಳೆದು, 1970ರ ದಶಕದಿಂದೀಚೆಗೆ ಕುದುರೆಗಳ ಸಂಧಿಗಳಲ್ಲಿಯೂ ಬಳಕೆಗೆ ಬಂದಿತು. ಆದರೆ ಸಂಧಿದರ್ಶಕದಿಂದ ಕಾಣುವುದು ಮೇಲ್ಮೈ ಮಾತ್ರ. ಮೇಲೆ ನುಣುಪಾಗಿ ಹೊಳೆಯುವ ಪದರವು ಒಳಗೆ ಮೆತ್ತಗಾಗಿರಬಹುದು.

ಈ ಕೊರತೆಯನ್ನು ತುಂಬಲು ಎರಡು ಉಪಾಯಗಳು ಹೊರಟಿವೆ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಕ್ರಮವೊಂದರಲ್ಲಿ, ಪದರದ ಬೇರೆಬೇರೆ ಆಳಗಳಿಂದ ಹಿಂದಿರುಗುವ ಬೆಳಕಿನ ಅಲೆಗಳನ್ನು ಮತ್ತೊಂದು ಬೆಳಕಿನೊಡನೆ ಹೋಲಿಸಿ, ಒಳಗಣ ರಚನೆಯ ಚಿತ್ರವನ್ನು ಒಂದು ಮಿಲ್ಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ಸೂಕ್ಷ್ಮವಾಗಿ ಬರೆಯಬಹುದು. ಕಣ್ಣಿಗಾಗಿ ಮೊದಲು ಹೆಸರಾದ ಈ ಕ್ರಮವನ್ನು ಮೃದ್ವಸ್ಥಿಗೂ ಪ್ರಯೋಗಿಸಿರುವರು. ಎರಡನೆಯದು, 1800ರಲ್ಲಿ ಹರ್ಷೆಲನು ಗುರುತಿಸಿದ ಕೆಂಪಿನಾಚೆಯ ಕಿರಣಗಳ ಉಪಯೋಗ. ಫಿನ್ಲೆಂಡ್ ದೇಶದ ಕುವೋಪಿಯೋ ನಗರದ ವಿಶ್ವವಿದ್ಯಾನಿಲಯದವರೂ ಹಾಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾನಿಲಯದ ಅಶ್ವವೈದ್ಯರೂ ಕೂಡಿ, ತೆಳ್ಳನೆಯ ಗಾಜಿನ ನಾರಿನ ಮೂಲಕ ಆ ಕಿರಣಗಳನ್ನು ಸಂಧಿಯೊಳಕ್ಕೆ ಕಳುಹಿಸಿ, ಹಿಂದಿರುಗಿದ ಬೆಳಕಿನಲ್ಲಿ ಯಾವ ಅಲೆ ಎಷ್ಟು ಕುಂದಿದೆಯೆಂದು ಲೆಕ್ಕಹಾಕಿದರು. ನೀರೂ ನಾರೂ ಬೇರೆಬೇರೆ ಅಲೆಗಳನ್ನು ಹೀರುವುದರಿಂದ, ಆ ಲೆಕ್ಕದಿಂದ ಪದರದ ದಪ್ಪ, ಬಿಗಿ, ಕೆಳಗಣ ಎಲುಬಿನ ಸ್ಥಿತಿ ಇವುಗಳನ್ನು ಊಹಿಸಬಹುದು. 2018ರಲ್ಲಿ ಜೀವಂತ ಪ್ರಾಣಿಯ ಸಂಧಿಯಲ್ಲಿಯೇ ಇದು ಸಾಧ್ಯವೆಂದು ಅವರು ಪ್ರಕಟಿಸಿದರು. ಲಾಯಗಳ ನಿತ್ಯದ ಸಾಧನವಾಗಿ ಇದು ಇನ್ನೂ ಬಂದಿಲ್ಲ. ಆದರೆ ದಾರಿ ತೆರೆದಿದೆ. ನೋವು ಹುಟ್ಟುವ ಮುಂಚೆಯೇ ಕೇಡನ್ನು ಕಾಣುವ ಕಣ್ಣು ಮನುಷ್ಯನಿಗೆ ಬರುತ್ತಿದೆ.

ಇನ್ನು ವಿಚಾರಕ್ಕೆ ಬರೋಣ. ಪ್ರಾಣಿಗಳನ್ನು ನಡೆಸಿಕೊಳ್ಳುವ ಬಗೆಯನ್ನು ಅವುಗಳ ಬುದ್ಧಿಯಿಂದಲೂ ಮಾತಿನಿಂದಲೂ ಅಳೆಯದೆ, ನೋವನ್ನು ಅನುಭವಿಸುವ ಶಕ್ತಿಯಿಂದ ಅಳೆಯಬೇಕೆಂದು 1789ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇಂಗ್ಲೆಂಡಿನ ಬೆಂಥಾಮನು ವಾದಿಸಿದನು. ಆ ಕಾಲಕ್ಕೆ ಅದು ದೊಡ್ಡ ಮಾತು, ಈಗಲೂ ಚಿಕ್ಕದಲ್ಲ. ಆದರೆ ಅದನ್ನೇ ಪೂರ್ಣಪ್ರಮಾಣವಾಗಿ ಹಿಡಿದರೆ, ಇನ್ನೂ ನೋಯದಿರುವ ಮೃದ್ವಸ್ಥಿಯ ವಿಷಯದಲ್ಲಿ ನಾವು ಏನನ್ನೂ ಹೇಳಲಾರೆವು. ಮುಂದೆ ಬರುವ ನೋವನ್ನೂ ಲೆಕ್ಕಕ್ಕೆ ಸೇರಿಸಿದರಾಯಿತೆಂದು ಆತನ ಅನುಯಾಯಿಗಳು ಉತ್ತರಕೊಡಬಹುದು. ಈ ಉತ್ತರವು ಸಾಲದು. ಏಕೆಂದರೆ ಕುದುರೆಯ ಕಾಲಿನ ನರವನ್ನು ಕತ್ತರಿಸಿ ನೋವು ತಿಳಿಯದಂತೆ ಮಾಡುವ ಶಸ್ತ್ರಚಿಕಿತ್ಸೆಯೊಂದು ಹಿಂದಿನಿಂದಲೂ ಇದೆ. ಹಾನಿಯೆಂದರೆ ನೋವೊಂದೇ ಎನ್ನುವುದಾದರೆ ಇದಕ್ಕಿಂತ ಮೇಲಾದ ಉಪಾಯವಿಲ್ಲ. ನೋವು ಈಗಲೂ ಇಲ್ಲ, ಮುಂದೆಯೂ ಇಲ್ಲ. ಆದರೂ ಹಾಗೆ ಮಾಡಿದ ಕುದುರೆಯನ್ನು ಓಡಿಸಕೂಡದೆಂದು ಹಲವು ದೇಶಗಳ ನಿಯಮಗಳು ಹೇಳುವುವು. ನೋವಿನ ಮಾತು ಕೇಳದ ಕಾಲು ಮುರಿಯುವವರೆಗೆ ಓಡುವುದೆಂಬುದು ಲಾಯದವರೆಲ್ಲರಿಗೂ ತಿಳಿದ ವಿಷಯ. ಆದುದರಿಂದ ನೋವು ಹಾನಿಯ ಸಮಾಚಾರವೇ ಹೊರತು ಹಾನಿಯ ಸರ್ವಸ್ವವಲ್ಲ. ದೂತನನ್ನು ಕೊಂದ ಮಾತ್ರಕ್ಕೆ ಯುದ್ಧವು ನಿಲ್ಲುವುದಿಲ್ಲವಷ್ಟೆ.

ಹಾಗಾದರೆ ಹಾನಿಯೆಂದರೇನು? ಒಂದು ಪ್ರಾಣಿಯು ತನ್ನ ಸ್ವಭಾವಕ್ಕೆ ತಕ್ಕಂತೆ ಬಾಳುವ ಶಕ್ತಿಯನ್ನು ಕಳೆದುಕೊಳ್ಳುವುದೇ ಹಾನಿ ಎಂದು ಹೇಳಬಹುದು. ಗ್ರೀಸ್ ದೇಶದ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಗುಣವೆಂಬುದನ್ನು ವಿವರಿಸುತ್ತ ಕುದುರೆಯನ್ನು ದೃಷ್ಟಾಂತವಾಗಿ ತೆಗೆದುಕೊಂಡಿರುವನು: ಓಡುವುದರಲ್ಲಿಯೂ, ಸವಾರನನ್ನು ಹೊರುವುದರಲ್ಲಿಯೂ, ಶತ್ರುವಿನೆದುರು ನಿಲ್ಲುವುದರಲ್ಲಿಯೂ ಚೆನ್ನಾಗಿರುವಂತೆ ಮಾಡುವುದೇ ಕುದುರೆಯ ಗುಣವೆಂಬುದು ಆತನ ಅಭಿಪ್ರಾಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಒಂದು ಸಂಗತಿ ಹೊಳೆಯುವುದು. ಈ ಮೂರರಲ್ಲಿ ಮೊದಲನೆಯದು ಮಾತ್ರ ಕುದುರೆಯದು, ಉಳಿದೆರಡು ನಮ್ಮವು. ಬಯಲಿನಲ್ಲಿ ಮರಿಯು ಯಾರೂ ಹೇಳದೆಯೇ ಓಡುವುದು. ಸವಾರನನ್ನೂ ಶತ್ರುವನ್ನೂ ಅದಕ್ಕೆ ಒದಗಿಸಿದವರು ನಾವು. ಎರಡು ವರ್ಷದ ಎಳೆಯ ಕುದುರೆಯನ್ನು ಪಂದ್ಯಕ್ಕೆ ಓಡಿಸಿ ಸಂಧಿಗಳನ್ನು ಸವೆಸಿದಾಗ, ನಮ್ಮ ಎರಡು ಪ್ರಯೋಜನಗಳಿಗಾಗಿ ಅದರ ಒಂದೇ ಒಂದು ಪ್ರಯೋಜನವನ್ನು ಕಳೆದಂತಾಗುವುದು. ಆ ದಿನ ಅದಕ್ಕೆ ನೋವಿಲ್ಲದಿರಬಹುದು. ನಷ್ಟವಂತೂ ಆ ದಿನವೇ ಆಗಿಹೋಯಿತು.

ಇಷ್ಟನ್ನು ಒಪ್ಪಿದರೆ ಹೊಸ ಕಣ್ಣಿನ ಜೊತೆಗೆ ಹೊಸ ಹೊಣೆಯೂ ಬರುವುದು. ಹಿಂದಿನವರು ಕಾಣದೆ ಮಾಡಿದರು. ಅವರನ್ನು ದೂರುವುದು ನ್ಯಾಯವಲ್ಲ. ಕಾಣಬಹುದಾಗಿದ್ದೂ ಕಣ್ಣು ಮುಚ್ಚಿಕೊಂಡವನ ಅಜ್ಞಾನವು ಅಂಥದಲ್ಲ. ಅದು ಆತನೇ ಬೇಕೆಂದು ಸಂಪಾದಿಸಿಕೊಂಡ ಅಜ್ಞಾನ. ಕ್ಯಾಲಿಫೋರ್ನಿಯದ ಸಾಂಟಾ ಅನಿಟಾ ಪಂದ್ಯದ ಬಯಲಿನಲ್ಲಿ 2018ರ ಡಿಸೆಂಬರಿನಿಂದ 2019ರ ಜೂನಿನವರೆಗೆ 30 ಕುದುರೆಗಳು ಸತ್ತವು. ಜನರ ಆಕ್ರೋಶವೆದ್ದ ಮೇಲೆ, ಅದೇ ವರ್ಷದ ಕೊನೆಯಲ್ಲಿ, ನಿಂತಿರುವ ಕುದುರೆಯ ಕಾಲಿನೊಳಗಣ ಬದಲಾವಣೆಗಳನ್ನು ಕ್ಷ-ಕಿರಣಕ್ಕಿಂತ ಮುಂಚೆ ತೋರಿಸುವ ಪಾಸಿಟ್ರಾನ್ ಯಂತ್ರವೊಂದನ್ನು ಅಲ್ಲಿ ಸ್ಥಾಪಿಸಿದರು. ಅದು ಬೆಳಕಿನ ಯಂತ್ರವಲ್ಲವಾದರೂ ನಮ್ಮ ಪ್ರಶ್ನೆಗೆ ಸಂಬಂಧಪಟ್ಟುದೇ. ನೋಡುವುದು ಸಾಧ್ಯವಾದ ಮೇಲೆ ನೋಡದಿರುವುದಕ್ಕೆ ಕಾರಣ ಕೊಡಬೇಕಾಗುವುದೆಂಬ ನೀತಿಯನ್ನು ಲೋಕವು ಸಾವುಗಳನ್ನು ಎಣಿಸಿದ ತರುವಾಯ ಒಪ್ಪಿಕೊಂಡಿತು.

ಆದರೆ ನೋಡುವ ಧರ್ಮಕ್ಕೂ ಒಂದು ಮೇರೆಯುಂಟು. ಸಂಧಿಯೊಳಕ್ಕೆ ಬೆಳಕನ್ನು ಕಳುಹಿಸಬೇಕಾದರೆ ಚರ್ಮವನ್ನು ಸೀಳಬೇಕು, ಪ್ರಾಣಿಯ ಎಚ್ಚರ ತಪ್ಪಿಸಬೇಕು. ಮತ್ತಿನಿಂದ ಏಳುವಾಗ ತತ್ತರಿಸಿ ಬಿದ್ದು ಕಾಲು ಮುರಿದುಕೊಳ್ಳುವ ಅಪಾಯವು ಕುದುರೆಗೆ ವಿಶೇಷವಾಗಿರುವುದು. ಅಂದಮೇಲೆ ನೋಡುವುದೇ ಒಂದು ಗಾಯ. ಕುತೂಹಲಕ್ಕಾಗಿ ನೋಡುವುದು, ನೋಡಿದ ಮೇಲೆ ಏನನ್ನೂ ಮಾಡುವ ಸಂಕಲ್ಪವಿಲ್ಲದೆ ನೋಡುವುದು, ಇವೆರಡೂ ಕುದುರೆಯ ಪಾಲಿಗೆ ಬರಿಯ ಗಾಯಗಳೇ. ಫಲಕ್ಕೆ ಬದ್ಧನಾದವನಿಗೆ ಮಾತ್ರ ನೋಡುವ ಅಧಿಕಾರವೆಂದು ನನಗೆ ತೋರುವುದು.

ಇಲ್ಲಿ ಇನ್ನೂ ಗಹನವಾದ ಆಕ್ಷೇಪವೊಂದಿದೆ. ಅರಿವು ಯಾರ ಕೈ ಸೇರುವುದು? ಕುದುರೆಯ ಕೈಗಲ್ಲ, ಒಡೆಯನ ಕೈಗೆ. ಸವೆತವು ಆರಂಭವಾಗಿದೆಯೆಂದು ಬೆಳಕು ತಿಳಿಸಿದಾಗ ಒಡೆಯನ ಮುಂದೆ ಮೂರು ದಾರಿಗಳಿರುವುವು. ಕುದುರೆಗೆ ವಿಶ್ರಾಂತಿ ಕೊಟ್ಟು, ಓಟವನ್ನು ತಗ್ಗಿಸಿ, ಅದರ ಸಂಧಿಯನ್ನು ಉಳಿಸಬಹುದು. ಸಂಧಿಗೆ ಮದ್ದು ಚುಚ್ಚಿಸಿ, ಉಳಿದಿರುವ ಕೆಲವು ಓಟಗಳನ್ನು ಹಿಂಡಿಕೊಳ್ಳಬಹುದು. ಅಥವಾ ಸಂಗತಿಯು ಇನ್ನೊಬ್ಬರಿಗೆ ತಿಳಿಯುವ ಮುಂಚೆ ಅದನ್ನು ಮಾರಿಬಿಡಬಹುದು. ಒಂದೇ ಬೆಳಕು ಮೊದಲನೆಯವನ ಕೈಯಲ್ಲಿ ದೀಪ, ಎರಡನೆಯವನ ಕೈಯಲ್ಲಿ ಚಾಟಿ, ಮೂರನೆಯವನ ಕೈಯಲ್ಲಿ ತಕ್ಕಡಿ. ಅಮೆರಿಕದಲ್ಲಿ 2020ರಲ್ಲಿ ಅಂಗೀಕೃತವಾದ ಕುದುರೆಪಂದ್ಯದ ಶಾಸನದ ಕೆಳಗೆ ಹೊರಟ ನಿಯಮಗಳು ಪಂದ್ಯಕ್ಕೆ ಮುಂಚಿನ 14 ದಿನಗಳಲ್ಲಿ ಸಂಧಿಗೆ ಮದ್ದು ಚುಚ್ಚುವುದನ್ನು ತಡೆದಿವೆ. ಎರಡನೆಯ ದಾರಿಯಲ್ಲಿ ನಡೆಯುವವರು ವಿರಳರಾಗಿದ್ದರೆ ಇಂಥ ನಿಯಮವು ಬೇಕಾಗುತ್ತಿರಲಿಲ್ಲ. ಆದುದರಿಂದ ಅರಿವು ಹೆಚ್ಚಿದರೆ ದಯೆಯೂ ಹೆಚ್ಚುವುದೆಂದು ನಂಬುವುದು ಭೋಳೆತನ. ಅರಿವಿನಿಂದ ಹೆಚ್ಚುವುದು ಸಾಮರ್ಥ್ಯ; ದಯೆಯನ್ನು ನಾವು ಬೇರೆಯಾಗಿ ಸಂಪಾದಿಸಬೇಕು.

ಹಾಗೆಂದು ಅರಿಯದಿರುವುದೇ ಮೇಲೆನ್ನೋಣವೆ? ಅದೂ ಸರಿಯಲ್ಲ. ಅರಿವಿಲ್ಲದ ಕಾಲದಲ್ಲಿ ದಯಾವಂತನೂ ನಿರ್ದಯನೂ ಒಂದೇ ಬಗೆಯಾಗಿ ಕುದುರೆಯನ್ನು ಕೆಡಿಸುತ್ತಿದ್ದರು; ಕುಂಟುವವರೆಗೆ ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಅರಿವು ಬಂದಾಗ ಅವರಿಬ್ಬರೂ ಬೇರೆಯಾಗುವರು. ಒಳ್ಳೆಯವನು ಒಳ್ಳೆಯದನ್ನು ಮಾಡಲು ಅವಕಾಶವಾಗುವುದು. ಕೆಟ್ಟವನು ತನಗೆ ತಿಳಿಯಲಿಲ್ಲವೆಂದು ಹೇಳುವ ಅವಕಾಶವು ತಪ್ಪುವುದು. ಇದು ಚಿಕ್ಕ ಲಾಭವೇನಲ್ಲ.

ಈ ಅರಿವಿಗೆ ತೆತ್ತ ಬೆಲೆಯನ್ನೂ ಮರೆಯಕೂಡದು. ಈ ಬಗೆಯ ಸಂಶೋಧನೆಗಳಲ್ಲಿ ಶೆಟ್ಲಂಡ್ ಜಾತಿಯ ಆರೋಗ್ಯವಂತ ತಟ್ಟುಗಳ ಸಂಧಿಗಳನ್ನು ತೆರೆದು, ಮೃದ್ವಸ್ಥಿಯಲ್ಲಿ ಬೇಕೆಂದೇ ಗೀರುಗಳನ್ನು ಕೊರೆದು, ತಿಂಗಳುಗಟ್ಟಲೆ ಅವುಗಳ ಪರಿಣಾಮವನ್ನು ನೋಡಿ, ಕೊನೆಗೆ ಆ ಪ್ರಾಣಿಗಳನ್ನು ಕೊಂದು ಪರೀಕ್ಷಿಸಿರುವರು. ಇದೆಲ್ಲವೂ ಅಲ್ಲಿನ ಶಾಸನದ ಅನುಮತಿಯಿಂದಲೇ ನಡೆದುದು. ಕುದುರೆಯ ಮಂಡಿಯ ಮೃದ್ವಸ್ಥಿಯು ದಪ್ಪದಲ್ಲಿ ಮನುಷ್ಯನ ಮಂಡಿಯದನ್ನು ಹೋಲುವುದರಿಂದ, ಈ ಪ್ರಯೋಗಗಳ ಫಲವು ನಮ್ಮ ಮುದುಕರ ಮಂಡಿನೋವಿಗೂ ಒದಗಬಹುದೆಂಬ ಆಸೆಯೂ ಅವುಗಳ ಹಿಂದಿದೆ. ಇದನ್ನು ಪಾಪವೆಂದು ಸಾರುವವರಿರುವರು; ಅಗತ್ಯವೆಂದು ಸಮರ್ಥಿಸುವವರಿರುವರು. ನಾನು ಇದನ್ನು ಸಾಲವೆಂದು ಕರೆಯುವೆನು. ಒಂದು ಕುದುರೆಯ ಕಾಲನ್ನು ಕೆಡಿಸಿ ಕಲಿತ ವಿದ್ಯೆಯನ್ನು ಮತ್ತೊಂದು ಕುದುರೆಯ ಕಾಲನ್ನು ಉಳಿಸಲು ಬಳಸಿದರೆ ಸಾಲವು ಸ್ವಲ್ಪಮಟ್ಟಿಗೆ ತೀರುವುದು. ಅದೇ ವಿದ್ಯೆಯಿಂದ ಇನ್ನೆಷ್ಟು ಓಟಗಳನ್ನು ಹಿಂಡಬಹುದೆಂದು ಲೆಕ್ಕಹಾಕಿದರೆ, ಸಾಲವನ್ನು ತೀರಿಸುವುದಿರಲಿ, ಸಾಲಕೊಟ್ಟವನ ಮನೆಯನ್ನೇ ದೋಚಿದಂತಾಗುವುದು. ಸತ್ತ ತಟ್ಟುಗಳಿಗೆ ಏನೂ ಹಿಂದಿರುಗದೆಂಬುದು ನಿಜ. ತೀರಿಸಲಾಗದ ಸಾಲವನ್ನೂ ಸಾಲವೆಂದು ಒಪ್ಪಿಕೊಳ್ಳುವುದು ಸಭ್ಯನ ಲಕ್ಷಣ.

ಮೂಕಪ್ರಾಣಿಯ ವೈದ್ಯನ ಸ್ಥಿತಿಯು ಎಂದಿಗೂ ವಿಚಿತ್ರವಾದುದು. ಶಾಲಿಹೋತ್ರನ ಹೆಸರಿನಿಂದ ಬಂದ ಅಶ್ವಶಾಸ್ತ್ರವೂ, ನಮ್ಮ ಕನ್ನಡದಲ್ಲಿ 12ನೆಯ ಶತಮಾನದಷ್ಟು ಹಿಂದೆಯೇ ಚಾಳುಕ್ಯ ರಾಜಪುತ್ರನಾದ ಕೀರ್ತಿವರ್ಮನು ರಚಿಸಿದ ಗೋವೈದ್ಯವೂ ಮಾತಿಲ್ಲದ ರೋಗಿಗಳಿಗಾಗಿ ಹುಟ್ಟಿದ ಗ್ರಂಥಗಳು. ಮನುಷ್ಯರ ವೈದ್ಯನಿಗೆ ರೋಗಿಯೇ ಸಾಕ್ಷಿ; ರೋಗಿಯೇ ಯಜಮಾನ. ಪಶುವೈದ್ಯನಿಗೆ ರೋಗಿಯೊಬ್ಬ, ಹಣ ಕೊಡುವವನೊಬ್ಬ. ನೋವು ಕಾಣಿಸಿಕೊಂಡ ಮೇಲಾದರೂ ಕುಂಟುವ ಕಾಲೇ ಕುದುರೆಯ ಪರವಾಗಿ ಸಾಕ್ಷಿ ನುಡಿಯುವುದು. ಲಾಯದ ಹುಡುಗನಿಂದ ದಾರಿಹೋಕನವರೆಗೆ ಎಲ್ಲರೂ ಅದನ್ನು ಓದಬಲ್ಲರು. ನೋವಿಗೆ ಮುಂಚಿನ ಹಾನಿಗೆ ಅಂಥ ಸಾಕ್ಷಿಯಿಲ್ಲ. ಅದನ್ನು ಬಲ್ಲವರು ವೈದ್ಯನೂ ಒಡೆಯನೂ ಇಬ್ಬರೇ. ಅವರಿಬ್ಬರೂ ಸುಮ್ಮನಾದರೆ ಲೋಕದಲ್ಲಿ ಮತ್ತಾರಿಗೂ, ಕುದುರೆಗೂ ಸಹ, ತಿಳಿಯುವಂತಿಲ್ಲ. ಈ ನೋಟದ ಮುಖ್ಯವಾದ ಧರ್ಮಸಂಕಟವು ಇದೇ ಎಂದು ನನ್ನ ಅಭಿಪ್ರಾಯ.

ಆದುದರಿಂದ ಮೂರು ನಿಯಮಗಳು ಸಾಕೆಂದು ತೋರುವುದು. ನೋಡುವ ಮುಂಚೆಯೇ, ಕೇಡು ಕಂಡರೆ ಏನು ಮಾಡುವೆನೆಂಬುದನ್ನು ಒಡೆಯನು ವೈದ್ಯನಿಗೆ ಮಾತುಕೊಟ್ಟಿರತಕ್ಕದ್ದು. ಕಂಡದ್ದನ್ನು ಬರೆದಿಟ್ಟು, ಕುದುರೆಯು ಯಾರ ಕೈಗೆ ಹೋದರೂ ಆ ಬರಹವು ಅದರ ಜೊತೆಯಲ್ಲಿಯೇ ಹೋಗತಕ್ಕದ್ದು; ಅರಿವು ಒಡೆಯನ ಗುಟ್ಟಾಗದೆ ಕುದುರೆಯ ಸೊತ್ತಾಗಿರಬೇಕು. ಓಟದಿಂದ ತೆಗೆದ ಕುದುರೆಗೆ ಬದುಕುವ ಎಡೆಯನ್ನು ಓಡಿಸಿದವರೇ ಒದಗಿಸತಕ್ಕದ್ದು. ಇಲ್ಲವಾದರೆ ರೋಗವನ್ನು ಮೊದಲು ಕಂಡ ಕಣ್ಣೇ ಕಸಾಯಿಖಾನೆಗೆ ದಾರಿ ತೋರಿಸಿದಂತಾಗುವುದು. ಇವುಗಳಿಂದ ಖರ್ಚು ಹೆಚ್ಚುವುದೆಂದು ಹೇಳುವವರುಂಟು. ಹೆಚ್ಚುವುದು ನಿಜ. ಆದರೆ ಆ ಖರ್ಚು ಹೊಸದಾಗಿ ಹುಟ್ಟಿದುದಲ್ಲ. ಇದುವರೆಗೆ ಅದನ್ನು ಕುದುರೆಯು ತನ್ನ ಸಂಧಿಗಳಿಂದ ಸದ್ದಿಲ್ಲದೆ ತೆರುತ್ತಿದ್ದಿತು. ಬೆಳಕು ಮಾಡಿದುದಿಷ್ಟೆ: ಅದುವರೆಗೆ ಯಾರಿಗೂ ಕಾಣದಿದ್ದ ಲೆಕ್ಕದ ಪುಸ್ತಕವನ್ನು ನಮ್ಮ ಮುಂದೆ ಬಿಚ್ಚಿಟ್ಟಿತು. ಓದಿದ ಮೇಲೆ ಹಣ ಯಾರು ಕೊಡಬೇಕೆಂಬುದನ್ನು ನಿರ್ಣಯಿಸಲು ಬೆಳಕಿನ ಸಹಾಯವು ಬೇಕಾಗಿಲ್ಲ.